ಕಂಜಿ, ಮೂರು ಹೊತ್ತು

ತಕ್ಕಡಿ ಬಂದದ್ದು ಜೂನ್ ತಿಂಗಳ ಮೊದಲ ವಾರ. ಗುಂಡಗಿನ ಮುಖ, ಅದರ ಸುತ್ತ ಕಿಲೋ ಗೆರೆಗಳು, ನಡುವೆ ಒಂದು ಮುಳ್ಳು, ಮೇಲೊಂದು ಕೆಳಗೊಂದು ಕೊಕ್ಕೆ. ಕೆಳಗಿನ ಕೊಕ್ಕೆಗೆ ಸಿಕ್ಕಿಸಲು ದಪ್ಪ ಬಟ್ಟೆಯ ಒಂದು ಚಡ್ಡಿ. ಮಗುವನ್ನು ಆ ಚಡ್ಡಿಯೊಳಗೆ ಇಳಿಸಿ, ನೇತುಹಾಕಿ, ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನು ಬರೆದುಕೊಳ್ಳಬೇಕು. ಆರೋಗ್ಯ ಕೇಂದ್ರದ ಡಾಕ್ಟರು ಅದನ್ನು ಮೇಜಿನ ಮೇಲಿಟ್ಟು ನನಗೆ ವಿವರಿಸುತ್ತಿದ್ದಾಗ ನಮ್ಮ ಆಯಾ ಬಾಗಿಲಲ್ಲೇ ನಿಂತಿದ್ದಳು.

"ಇದೆಂತ ಡಾಕ್ಟ್ರೆ, ಬಂಗುಡೆ ತೂಗಿದ ಹಾಗೆ ಮಕ್ಕಳನ್ನು ತೂಗುದಾ? ದೃಷ್ಟಿ ಆಗ್ಲಿಕ್ಕಿಲ್ವಾ?"

"ದೃಷ್ಟಿ ಆದ್ರೆ ನಿನ್ನನ್ನೇ ಕರಿತೇನೆ, ತೆಗಿಲಿಕ್ಕೆ" ಎಂದರು ಡಾಕ್ಟರು.

ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷ ಆಗಿತ್ತು. ನಾನು ಬೆಳ್ಳಾರೆಯಿಂದ ಆಚೆಗಿನ ಒಂದು ಉಪಕೇಂದ್ರದಲ್ಲಿ ದಾದಿಯಾಗಿದ್ದೆ. ಹೆರಿಗೆ, ಚುಚ್ಚುಮದ್ದು, ಗರ್ಭಿಣಿಯರ ತಪಾಸಣೆ ನನ್ನ ಕೆಲಸ. ಅದರ ಜೊತೆಗೆ ಈಗ ತಕ್ಕಡಿ. ಡಾಕ್ಟರು ಅದನ್ನು ನನಗೆ ಕೊಟ್ಟದ್ದು ರಬ್ಬರ್ ತೋಟದ ಲೈನುಗಳಿಗಾಗಿ. ಸಿಲೋನಿನ ಚಹಾ ತೋಟಗಳಲ್ಲಿ ಎರಡು ಮೂರು ತಲೆಮಾರು ದುಡಿದು, ಅಲ್ಲಿಂದ ವಾಪಸು ಕಳುಹಿಸಲ್ಪಟ್ಟ ತಮಿಳು ಕುಟುಂಬಗಳನ್ನು ಸುಳ್ಯ ಪುತ್ತೂರಿನ ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದ್ದರು. ಒಂದೇ ಉದ್ದನೆಯ ಮಾಡಿನ ಕೆಳಗೆ ಸಾಲಾಗಿ ಹತ್ತು ಕೋಣೆ, ಒಂದು ಕೋಣೆಗೆ ಒಂದು ಕುಟುಂಬ. ಅದಕ್ಕೆ ಲೈನು ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಬೆಳಗಾಗುವ ಮೊದಲೇ ಟ್ಯಾಪಿಂಗಿಗೆ, ಮರ ಗೀರಿ ರಬ್ಬರ್ ಹಾಲು ಇಳಿಸಲು, ಹೋಗುತ್ತಿದ್ದರು. ಮಕ್ಕಳನ್ನು ಮುದುಕಿಯರು ನೋಡಿಕೊಳ್ಳುತ್ತಿದ್ದರು.

ಡಾಕ್ಟರು ಹಾಕಿಕೊಟ್ಟ ಕ್ರಮ ಸರಳವಾಗಿತ್ತು. ಪ್ರತಿ ಮಗುವಿಗೆ ಒಂದು ಕಾರ್ಡು. ಕಾರ್ಡಿನಲ್ಲಿ ವಯಸ್ಸಿಗೆ ತಕ್ಕಂತೆ ಏರುತ್ತ ಹೋಗುವ ಒಂದು ಕೆಂಪು ಗೆರೆ. ತಿಂಗಳಿಗೊಮ್ಮೆ ತೂಗಿ ಚುಕ್ಕೆ ಇಡಬೇಕು. ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ಆ ಮಗುವಿಗೆ ತಿಂಗಳಿಗೊಂದು ಡಬ್ಬಿ ಹಾಲಿನ ಪುಡಿ. ಗೆರೆ ದಾಟಿದರೆ ಡಬ್ಬಿ ಬಂದ್, ಅದು ಮುಂದಿನ ಮಗುವಿಗೆ. ಡಬ್ಬಿಗಳು ಬೆರಳೆಣಿಕೆಯಷ್ಟೇ ಬರುತ್ತಿದ್ದವು.

ನನಗೆ ಈ ಕೆಲಸ ಇಷ್ಟವಾಯಿತು. ನನ್ನ ಅಕ್ಷರ ದುಂಡಗಿತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಕಾಲಂ ಇದ್ದಲ್ಲಿ ಖಾಲಿ ಬಿಡುವ ಜಾತಿಯವಳಲ್ಲ ನಾನು. ತಕ್ಕಡಿಯನ್ನು ಲೈನಿಗೆ ಒಯ್ಯುವ ಮೊದಲು ರೇಷನ್ ಅಂಗಡಿಯಿಂದ ಐದು ಕಿಲೋದ ಕಲ್ಲು ತಂದು ನೇತುಹಾಕಿ ನೋಡುತ್ತಿದ್ದೆ. ಮುಳ್ಳು ಐದರಲ್ಲೇ ನಿಲ್ಲುತ್ತಿತ್ತು. ಖಾಲಿ ಚಡ್ಡಿ ಸಿಕ್ಕಿಸಿ ಮುಳ್ಳನ್ನು ಸೊನ್ನೆಗೆ ತರುತ್ತಿದ್ದೆ. ಇಷ್ಟನ್ನೂ ಹೇಳುತ್ತಿರುವುದು ತಕ್ಕಡಿಯಲ್ಲಿ ಏನೂ ದೋಷ ಇರಲಿಲ್ಲ ಎಂಬುದಕ್ಕೆ.

ಲೈನಿಗೆ ಹೋದ ದಿನ ಮೊದಲು ಗರ್ಭಿಣಿಯರನ್ನು ನೋಡುತ್ತಿದ್ದೆ. ಅವರ ಕಾರ್ಡಿನಲ್ಲಿ 'ಬಾವು' ಎಂಬ ಕಾಲಂ ಇತ್ತು. ಕಾಲಿನ ಗಂಟಿನ ಮೇಲೆ ಹೆಬ್ಬೆರಳು ಒತ್ತಿ, ಮೂರು ಎಣಿಸಿ, ತೆಗೆದು ನೋಡಬೇಕು. ಕುಳಿ ಉಳಿದರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ತರಬೇತಿಯಲ್ಲಿ ನಮಗೆ ಇದನ್ನು ಎಷ್ಟು ಸಲ ಮಾಡಿಸಿದ್ದರೆಂದರೆ, ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿನ ಕಾಲು ಕಂಡರೂ ಹೆಬ್ಬೆರಳು ಆಡುತ್ತಿತ್ತು. ಆಮೇಲೆ ಮಕ್ಕಳು. ಅವರ ಕಾರ್ಡಿನಲ್ಲಿ ವಯಸ್ಸು, ತೂಕ, ಚುಚ್ಚುಮದ್ದು, ಆಹಾರ. ಬಾವಿನ ಕಾಲಂ ಇರಲಿಲ್ಲ.

ಆರನೆಯ ಕೋಣೆಯ ಹೆಣ್ಣುಮಗು ನನ್ನ ಕಾರ್ಡುಗಳಲ್ಲಿ ಹದಿನೇಳನೆಯದು. ತಾಯಿ ಇಪ್ಪತ್ತೆರಡರ ಆಸುಪಾಸಿನವಳು, ತೆಳ್ಳಗೆ, ಟ್ಯಾಪಿಂಗ್ ಕತ್ತಿಯಿಂದ ಬೆರಳುಗಳಲ್ಲಿ ಗೀರುಗಳು. ಸಂತೆಯಲ್ಲಿ ಕಲಿತ ಕನ್ನಡ ಅವಳಿಗೆ ಅಷ್ಟಿಷ್ಟು ಬರುತ್ತಿತ್ತು. ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದರೆ, "ಕಪ್ಪಲ್ ಹತ್ತುವಾಗ ಹೊಟ್ಟೆಯಲ್ಲಿ ಇತ್ತು" ಎಂದಳು. ಆ ಲೈನಿನಲ್ಲಿ ಪ್ರತಿಯೊಬ್ಬರ ಪಂಚಾಂಗವೂ ಅವರವರು ಬಂದ ಹಡಗೇ. ಅವಳ ಹಡಗು ಬಂದ ತಿಂಗಳು ಹಿಡಿದು ಲೆಕ್ಕ ಹಾಕಿದೆ, ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ.

ತೂಕ ಏಳು ಕಿಲೋ ಇನ್ನೂರು. ಗೆರೆಗಿಂತ ಸಾಕಷ್ಟು ಕೆಳಗೆ.

"ಏನು ತಿನ್ನಲಿಕ್ಕೆ ಕೊಡ್ತೀರಿ?"

"ಕಂಜಿ ಕೊಡ್ತೇನೆ ನರ್ಸಮ್ಮ."

"ಎಷ್ಟು ಸಲ?"

"ಮೂರು ಹೊತ್ತು."

ಹಿಂದೆ ನಿಂತಿದ್ದ ಮುದುಕಿ, ಗಂಡನ ತಾಯಿ, ಮೂರು ಬೆರಳು ಎತ್ತಿ ತೋರಿಸಿ ತಲೆಯಾಡಿಸಿದಳು. ತಮಿಳರ ಬಾಯಲ್ಲಿ ನಮ್ಮ ಗಂಜಿ ಕಂಜಿಯಾಗುತ್ತದೆ, ಅಷ್ಟು ನನಗೆ ಗೊತ್ತಿತ್ತು. ಅದನ್ನು ತಿದ್ದಿ ಆಹಾರದ ಕಾಲಮಿನಲ್ಲಿ 'ಗಂಜಿ, ಮೂರು ಹೊತ್ತು' ಎಂದು ದುಂಡಗೆ ಬರೆದೆ. ಗಂಜಿ ಎಂದರೆ ನಮಗೆ ಊಟ. ಕುಚ್ಚಲಕ್ಕಿಯ ಅನ್ನ, ಅದರ ತಿಳಿಯೊಂದಿಗೆ ಬಟ್ಟಲು ತುಂಬ. ಮಗು ಮೂರು ಹೊತ್ತು ಅದನ್ನು ಉಣ್ಣುತ್ತಿದ್ದರೆ ದೊಡ್ಡ ಚಿಂತೆ ಇಲ್ಲ, ಜೊತೆಗೆ ಹಾಲು ಸಿಕ್ಕಿದರೆ ಸಾಕು ಎಂದು ಡಬ್ಬಿ ಕೊಟ್ಟೆ. ಕುದಿಸಿ ಆರಿಸಿದ ನೀರಿನಲ್ಲಿ ಎಷ್ಟು ಚಮಚ ಕಲಸಬೇಕು ಎಂದು ಮಾಡಿ ತೋರಿಸಿದೆ. ನಾನು ಹೇಳಿದ ಹಾಗೆಯೇ ಅವಳು ಮಾಡಿದಳು. ಇದು ನನಗೆ ಆಮೇಲೆ ಖಚಿತವಾದ ವಿಷಯ.

ಆ ಮಗುವಿನ ಬಗ್ಗೆ ಇನ್ನೊಂದು ನೆನಪು. ಉಳಿದ ಮಕ್ಕಳು ಚಡ್ಡಿಯೊಳಗೆ ಕಾಲು ಇಳಿಸುವಷ್ಟರಲ್ಲಿ ಲೈನು ಹಾರಿಹೋಗುವ ಹಾಗೆ ಅರಚುತ್ತಿದ್ದವು. ಮುಳ್ಳು ಕುಣಿಯುತ್ತಿತ್ತು, ಓದಲು ಆಗುತ್ತಿರಲಿಲ್ಲ, ಆಯಾ ಬೈಯುತ್ತಿದ್ದಳು. ಹದಿನೇಳನೆಯ ಕಾರ್ಡಿನ ಮಗು ಅಳಲಿಲ್ಲ. ಚಡ್ಡಿಯಲ್ಲಿ ಕೂತು ನನ್ನ ಕೈಗಡಿಯಾರದ ಕಡೆ ನೋಡಿತು, ಆಮೇಲೆ ಅದನ್ನೂ ನೋಡಲಿಲ್ಲ. ಮುಳ್ಳು ನೆಟ್ಟಗೆ ನಿಂತಿತು. "ಎಷ್ಟು ಒಳ್ಳೆ ಮಗು ಮಾರಾಯ್ತಿ" ಎಂದೆ ಆಯಾಳಿಗೆ. ಕಾರ್ಡಿನ ಅಂಚಿನಲ್ಲಿ 'ಸಮಾಧಾನದ ಮಗು' ಎಂದೂ ಬರೆದೆ.

ಜುಲೈಯಲ್ಲಿ ಏಳು ಕಿಲೋ ನಾನೂರು. ಆಗಸ್ಟಿನಲ್ಲಿ ಮಳೆ ಬಿಡಲಿಲ್ಲ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲುತ್ತದೆ, ಲೈನಿನಲ್ಲಿ ಅಕ್ಕಿ ಕಡಿಮೆಯಾಗುತ್ತದೆ. ಆ ತಿಂಗಳು ಹಾಲಿನ ಡಬ್ಬಿಗಳೂ ಬರಲಿಲ್ಲ. ಮಗುವಿಗೆ ಭೇದಿ ಆಗಿತ್ತು, ತೂಕ ಮತ್ತೆ ಏಳು ಇನ್ನೂರಕ್ಕೆ ಇಳಿದಿತ್ತು. ಉಪ್ಪು ಸಕ್ಕರೆ ನೀರು ಮಾಡಿಕೊಡಲು ಹೇಳಿ, ಭೇದಿ ನಿಂತ ಮೇಲೆ ಗಂಜಿ ಕೊಡಿ ಎಂದೆ. ಮುದುಕಿ, "ಕಂಜಿ ಮಟ್ಟುಂದಾ, ಕಂಜಿ ಮಟ್ಟುಂದಾ" ಎಂದಳು, ಕಂಜಿ ಮಾತ್ರವೇ ಎಂದು. ನನ್ನ ಸಲಹೆ ಅವರಿಗೆ ಅರ್ಥವಾಯಿತೆಂದು ಸಂತೋಷಪಟ್ಟೆ.

ಸೆಪ್ಟೆಂಬರಿನಲ್ಲಿ ಮುಳ್ಳು ಎಂಟು ಕಿಲೋ ನಾನೂರರಲ್ಲಿ ನಿಂತಿತು.

ನಾನು ಮಗುವನ್ನು ಇಳಿಸಿ, ಮುಳ್ಳನ್ನು ಸೊನ್ನೆಗೆ ತಂದು, ಮತ್ತೊಮ್ಮೆ ತೂಗಿದೆ. ಎಂಟು ನಾನೂರೇ. ಒಂದು ತಿಂಗಳಲ್ಲಿ ಒಂದು ಕಿಲೋಗಿಂತ ಹೆಚ್ಚು. ಚುಕ್ಕೆ ಕೆಂಪು ಗೆರೆಯಿಂದ ಮೇಲೆ ಬಿತ್ತು. ಆಯಾ ಮಗುವಿನ ಗಲ್ಲ ಮುಟ್ಟಿ, "ಮೋರೆ ನೋಡಿ ನರ್ಸಮ್ಮ, ಎಷ್ಟು ತುಂಬಿದೆ. ತಕ್ಕಡಿಗೆ ಬೈದದ್ದು ನಾನೇ, ತಪ್ಪಾಯ್ತು" ಎಂದಳು. ತಾಯಿ ನಗುತ್ತ ಮಗುವಿನ ಎಡಗಾಲು ಎತ್ತಿ ತೋರಿಸಿದಳು. ದೃಷ್ಟಿಗೆಂದು ಕಟ್ಟಿದ್ದ ಕಪ್ಪು ದಾರ ಚರ್ಮದೊಳಗೆ ಹೂತಿತ್ತು.

"ದಾರ ಬಿಗಿ ಆಗಿದೆ ನರ್ಸಮ್ಮ. ಅತ್ತೆ ಎರಡು ಸಲ ಬಿಚ್ಚಿ ಕಟ್ಟಿದ್ರು."

"ಮಗು ಪುಷ್ಟಿ ಆಗಿದೆ. ಇನ್ನೂ ಉದ್ದದ ದಾರ ಹಾಕಿ" ಎಂದೆ ನಾನು.

ಆ ದಿನ ಬಂದಿದ್ದ ಡಬ್ಬಿಗಳಲ್ಲಿ ಹದಿನೇಳನೆಯ ಕಾರ್ಡಿನ ಪಾಲು ನಾಲ್ಕನೆಯ ಕೋಣೆಯ ಗಂಡುಮಗುವಿಗೆ ಹೋಯಿತು. ಆರನೆಯ ಕೋಣೆಯವಳಿಗೆ, ನಿಮ್ಮ ಮಗು ಗೆರೆ ದಾಟಿದೆ, ಇನ್ನು ಡಬ್ಬಿ ಬೇಡ ಎಂದು ವಿವರಿಸಿದೆ. ಪರೀಕ್ಷೆ ಪಾಸಾದವರ ಹಾಗೆ ಅವಳು ತಲೆಯಾಡಿಸಿದಳು. ವಾಪಸು ಬರುವಾಗ ಆಯಾಳಿಗೆ ಬೆಳ್ಳಾರೆಯಲ್ಲಿ ಚಹಾ ಕೊಡಿಸಿದೆ. ಅಷ್ಟು ಖುಷಿಯಾಗಿದ್ದೆ.

ಅಕ್ಟೋಬರಿನಲ್ಲಿ ಮಗುವನ್ನು ತೂಕಕ್ಕೆ ತರಲಿಲ್ಲ. ಮಲಗಿದೆಯಂತೆ ಎಂದಳು ಆಯಾ. ಚೆನ್ನಾಗಿರುವ ಮಗು, ಅವಸರ ಏನಿಲ್ಲ ಎಂದು ಉಳಿದವರನ್ನೆಲ್ಲ ಮುಗಿಸಿದೆ. ಲೈನಿಗೆ ನಾನು ಯಾವಾಗಲೂ ಬೆಳಿಗ್ಗೆ ಹೋಗಿ ಹನ್ನೊಂದಕ್ಕೆ ಹೊರಡುತ್ತಿದ್ದೆ. ಅಂದು ಒಬ್ಬ ಗರ್ಭಿಣಿಯ ಕಾಲಲ್ಲಿ ಬಾವು ಇತ್ತು, ಅವಳ ರಕ್ತದೊತ್ತಡ, ಮೂತ್ರ ಎಂದೆಲ್ಲ ನೋಡಿ ಮಧ್ಯಾಹ್ನವಾಯಿತು. ಹೋಗುವ ದಾರಿಯಲ್ಲಿ ಆರನೆಯ ಕೋಣೆಗೆ ಇಣುಕಿದೆ.

ಮುದುಕಿ ಒಲೆಯ ಮುಂದೆ ಕೂತಿದ್ದಳು. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಬಗ್ಗಿಸಿ, ನೀರನ್ನು ಒಂದು ಲೋಟಕ್ಕೆ ಬಸಿಯುತ್ತಿದ್ದಳು. ಬೂದು ಬಣ್ಣದ, ಸ್ವಲ್ಪ ಮಂದವಾದ ನೀರು. ಅನ್ನದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು, ಅದು ಕೆಲಸದಿಂದ ಬರುವವರಿಗೆ. ಲೋಟದ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಕಲಸಿ, ಮೂಲೆಯಲ್ಲಿ ಮಲಗಿದ್ದ ಮಗುವಿನ ಬಳಿ ಒಯ್ದಳು.

"ಅದು ಏನು?" ಎಂದೆ.

"ಕಂಜಿ" ಎಂದಳು.

ನಮ್ಮಲ್ಲಿ ಅದಕ್ಕೆ ತೆಳಿ ಎನ್ನುತ್ತಾರೆ. ದನಕ್ಕೆ ಇಡುತ್ತೇವೆ, ಸೀರೆಗೆ ಹಾಕುತ್ತೇವೆ. ನಾನು ಉಟ್ಟಿದ್ದ ಬಿಳಿ ಸೀರೆ ಗರಿಗರಿಯಾಗಿದ್ದದ್ದು ಅದೇ ನೀರಿನಿಂದ. ಅವರ ಮಾತಿನಲ್ಲಿ ಅದು ಕಂಜಿ. ಭೇದಿಯ ಮಗುವಿಗೆ, ಹಲ್ಲು ಬರುವ ಮಗುವಿಗೆ, ಹೊಟ್ಟೆ ಮೆತ್ತಗಿರುವ ಮಗುವಿಗೆ ಅನ್ನ ಕೊಡಬಾರದು, ಕಂಜಿ ಮಾತ್ರ. ನಾನೂ ಕಂಜಿ ಕೊಡಿ ಎಂದು ಹೇಳಿಯೇ ಹೋಗಿದ್ದೆ. ಮೂರು ಹೊತ್ತು, ತಪ್ಪದೆ ಕೊಟ್ಟಿದ್ದರು.

ಮಗುವಿನ ಬಳಿ ಕೂತೆ. ಮುಖ ಊದಿಕೊಂಡು ಕಣ್ಣು ಸಣ್ಣದಾಗಿತ್ತು. ಕೂದಲಿನ ಬಣ್ಣ ತೆಂಗಿನ ನಾರಿನ ಹಾಗೆ ಕೆಂಚಾಗಿತ್ತು. ತೊಡೆಯ ಚರ್ಮ ಹಳೆ ಗೋಡೆಯ ಸುಣ್ಣದಂತೆ ಎದ್ದು ಬರುತ್ತಿತ್ತು. ಕಾಲು ಹಿಡಿದು, ದಾರದ ಕೆಳಗೆ, ಹೆಬ್ಬೆರಳು ಒತ್ತಿದೆ. ಒಂದು, ಎರಡು, ಮೂರು. ತೆಗೆದೆ. ಕುಳಿ ಹಾಗೇ ಉಳಿಯಿತು. ಮಗು ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಆ ಕುಳಿ ತುಂಬುವವರೆಗೂ ನೋಡುತ್ತ ಕೂತಿದ್ದೆ ಎಂದು ಮಾತ್ರ ನೆನಪು. ನನಗೆ ಭಯ ಆಗಲಿಲ್ಲ, ದುಃಖವೂ ಆಗಲಿಲ್ಲ. ಎಂಟು ಕಿಲೋ ನಾನೂರು, ಎಂಟು ಕಿಲೋ ನಾನೂರು ಎಂದು ತಲೆಯಲ್ಲಿ ಓಡುತ್ತಿತ್ತು.

ತಾಯಿ ಬಂದಾಗ ಈಗಲೇ ಪುತ್ತೂರಿನ ಆಸ್ಪತ್ರೆಗೆ ಹೋಗಬೇಕು ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಮುದುಕಿ ತಮಿಳಿನಲ್ಲಿ ಏನೋ ಹೇಳಿದಳು, ಅದರಲ್ಲಿ 'ಆಪರೇಷನ್' ಎಂಬ ಮಾತು ಕೇಳಿಸಿತು. ತಾಯಿ ಗೋಡೆಗೆ ಒರಗಿ ನಿಂತಳು.

"ನನ್ನನ್ನು ಕೊಯ್ಯುದಿಲ್ವಾ ನರ್ಸಮ್ಮ?"

ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ನಮಗೆ ತಿಂಗಳಿಗೆ ಇಂತಿಷ್ಟು ಸಂತಾನಹರಣದ ಕೇಸು ಎಂದು ಗುರಿ ಇತ್ತು. ಇದೇ ಲೈನಿನಿಂದ ಇಬ್ಬರು ಹೆಂಗಸರನ್ನು ಪುತ್ತೂರಿಗೆ ಕರೆದುಕೊಂಡು ಹೋದವಳು ನಾನೇ. ಅವರಿಬ್ಬರೂ ಒಪ್ಪಿ ಬಂದಿದ್ದರು ಎಂದು ನಾನು ಆಗ ಬರೆದಿದ್ದೆ. ಅವರು ನಿಜವಾಗಿ ಒಪ್ಪಿದ್ದರೇ ಎಂದು ಈಗ ನನಗೆ ಗೊತ್ತಿಲ್ಲ.

"ನಿಮ್ಮನ್ನು ಯಾರೂ ಮುಟ್ಟುವುದಿಲ್ಲ. ನಾನು ಜೊತೆಗೆ ಬರ್ತೇನೆ" ಎಂದೆ.

ಗಂಡನನ್ನು ಕೇಳದೆ ಆಗುವುದಿಲ್ಲ ಎಂದರು. ಗಂಡ ಮರ ಸಾಗಿಸಲು ಕಡಬದ ಕಡೆ ಹೋಗಿದ್ದ, ಸಂಜೆ ಬರುವವನು. ಅಷ್ಟರಲ್ಲಿ ಕೊನೆಯ ಬಸ್ಸು ಹೋಗುತ್ತದೆ. ನಾನು ಆಯಾಳಿಗೆ ರಾತ್ರಿ ಅಲ್ಲೇ ಉಳಿಯಲು ಹೇಳಿ, ಬಸಿದಿಟ್ಟ ಅನ್ನವನ್ನು ಅವರ ಕೈಯಲ್ಲೇ ನುಣ್ಣಗೆ ಕಿವುಚಿಸಿ, ನಾಲ್ಕನೆಯ ಕೋಣೆಯಿಂದ ಎರಡು ಚಮಚ ಹಾಲಿನ ಪುಡಿ ಕೇಳಿ ತಂದು ಕೊಟ್ಟೆ. ಮಗು ಒಂದು ಚಮಚ ನುಂಗಿ ಬಾಯಿ ಮುಚ್ಚಿತು. ಹೀಗೆ ಒಂದು ದಿನ ಹೋಯಿತು.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ಪುತ್ತೂರಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಕಾಲು ಒತ್ತಿ ನೋಡಿದರು. ನಾನು ಕಾರ್ಡು ಕೊಟ್ಟೆ. ಅವರು ಸೆಪ್ಟೆಂಬರಿನ ಚುಕ್ಕೆಯ ಮೇಲೆ ಪೆನ್ನಿನ ತುದಿ ಇಟ್ಟರು.

"ಇದನ್ನು ಯಾರು ತೂಗಿದ್ದು?"

"ನಾನೇ."

"ಇದು ಮಾಂಸ ಅಲ್ಲ ಸಿಸ್ಟರ್. ನೀರು."

ಅಷ್ಟೇ ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಹಾಲು, ಸಕ್ಕರೆ, ಚೂರು ಎಣ್ಣೆ ಕಲಸಿ ಚಮಚದಲ್ಲಿ ಕೊಡಬೇಕು, ಮೈ ತಣ್ಣಗಾಗದಂತೆ ತಾಯಿಯ ಎದೆಗೆ ಒತ್ತಿ ಹೊದೆಸಿ ಇಡಬೇಕು ಎಂದು ಬರೆದುಕೊಟ್ಟರು. ಬಾವು ಇಳಿಯತೊಡಗಿದರೆ ತೂಕವೂ ಇಳಿಯುತ್ತದೆ, ಅದು ಒಳ್ಳೆಯ ಲಕ್ಷಣ ಎಂದರು. ಎರಡನೆಯ ದಿನ ತೂಕ ಮುನ್ನೂರು ಗ್ರಾಂ ಇಳಿದಿದೆ ಎಂದು ಕೇಂದ್ರಕ್ಕೆ ಫೋನು ಬಂತು. ತೂಕ ಇಳಿದದ್ದಕ್ಕೆ ಸಂತೋಷಪಡುವುದು ಹೇಗೆಂದು ನನಗೆ ತಿಳಿಯಲಿಲ್ಲ, ಆದರೂ ಆಯಾಳಿಗೆ ಹೇಳಿದೆ.

ಮೂರನೆಯ ದಿನ ಬೆಳಿಗ್ಗೆ ನಾನು ಹೋಗುವಾಗ ಮಗು ಬೆಚ್ಚಗಿರಬೇಕಿತ್ತು, ಇರಲಿಲ್ಲ. ಮೈ ತಣ್ಣಗಿತ್ತು. ಮಧ್ಯಾಹ್ನ ತಾಯಿ ಬಟ್ಟೆ ಒಗೆದು ಹಾಕಲು ಹಿಂದಿನ ಅಂಗಳಕ್ಕೆ ಹೋಗಿದ್ದಳು. ನಾನು ಚಮಚ ಹಿಡಿದು ಕೂತಿದ್ದೆ. ತುಟಿಗೆ ತಾಗಿಸಿದ ಹಾಲು ಹೊರಗೆ ಬಂತು. ಇನ್ನೊಮ್ಮೆ ತಾಗಿಸಿದೆ. ಆಮೇಲೆ ಚಮಚವನ್ನು ಲೋಟದಲ್ಲಿ ಇಟ್ಟು ವಾರ್ಡಿನ ಸಿಸ್ಟರನ್ನು ಕರೆದೆ.

ತಾಯಿ ಬಂದು ನಿಂತಳು. ಒದ್ದೆ ಬಟ್ಟೆಯನ್ನು ಮಂಚದ ಕಂಬಿಯ ಮೇಲೆ ಹರಡಿದಳು, ಮಗುವಿನ ಕಾಲು ಮುಟ್ಟಿದಳು. ಬಾವು ಇಳಿದು ಕಪ್ಪು ದಾರ ಸಡಿಲವಾಗಿತ್ತು. ಅದನ್ನು ಬೆರಳಿನಿಂದ ಮೇಲಕ್ಕೆ ಕೆಳಕ್ಕೆ ಆಡಿಸಿದಳು.

ಲೈನಿಗೆ ಒಯ್ದೇ ಮಣ್ಣು ಮಾಡಬೇಕು ಎಂದಳು. ಗಾಡಿ ಸಿಗಲಿಲ್ಲ. ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ಪರಿಚಯದ ಕಂಡಕ್ಟರ್ ಟಿಕೇಟು ಹರಿದು ಕೊಡುತ್ತ, "ಬಾಲೆ ನಿದ್ದೆಯಾ ನರ್ಸಮ್ಮ?" ಎಂದ.

"ಹೌದು" ಎಂದೆ.

ಬೆಳ್ಳಾರೆಯವರೆಗೂ ಅವಳು ಒಂದು ಕೈಯಿಂದ ಆ ಗಂಟನ್ನು ತಟ್ಟುತ್ತಲೇ ಇದ್ದಳು. ಸಂಜೆ ಮನೆಗೆ ಬಂದು ಸ್ನಾನ ಮಾಡಿದೆ. ಹಸಿವಾಗಿತ್ತು. ಗಂಜಿ ಬಡಿಸಿಕೊಂಡು, ಅಗಳು ಅಗಳಾಗಿ ತಳದವರೆಗೂ ಉಂಡೆ. ಅಳು ಬರಬಹುದೆಂದು ಕಾದೆ. ಬರಲಿಲ್ಲ. ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು, ಅದು ಕೂಡ ದೂರದಲ್ಲಿ ಯಾರಿಗೋ ಆದ ಹಾಗೆ.

ಮರುದಿನ ಕೇಂದ್ರದಲ್ಲಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಕಂಜಿಯ ವಿಷಯ, ದಾರದ ವಿಷಯ, ಡಬ್ಬಿ ನಿಲ್ಲಿಸಿದ ವಿಷಯ. ಅವರು ಕಾರ್ಡನ್ನು ತುಂಬ ಹೊತ್ತು ನೋಡಿದರು.

"ಕಾರ್ಡಿನಲ್ಲಿ ಎಂತ ತಪ್ಪುಂಟು ಮಾರಾಯ್ರೆ? ನಾನು ಹೇಳಿದ ಹಾಗೆ ಮಾಡಿದ್ದೀರಿ. ಗೆರೆ ದಾಟಿದ್ರೆ ಡಬ್ಬಿ ಬಂದ್ ಅಂತ ಹೇಳಿದವ ನಾನು. ಕಾಲು ಒತ್ತಿ ನೋಡಿ ಅಂತ ಹೇಳದೆ ಇದ್ದವನೂ ನಾನೇ."

"ನಾನು ಅವರಿಗೆ ಹೇಳಬೇಕು."

"ಯಾರಿಗೆ?"

"ತಾಯಿಗೆ. ನಾನು ತಪ್ಪು ತಿಳಿದು ಡಬ್ಬಿ ನಿಲ್ಲಿಸಿದೆ ಅಂತ."

ಡಾಕ್ಟರು ಕನ್ನಡಕ ತೆಗೆದರು. "ಹೇಳಿ ಎಂತ ಆಗ್ಬೇಕು? ಮಗು ಬರ್ತದಾ? ನೀವು ಹೇಳಿದ ಮರುದಿನ ಆ ಲೈನಿನ ಒಂದು ಮಗುವೂ ನಿಮ್ಮ ತಕ್ಕಡಿಗೆ ಬರುದಿಲ್ಲ. ಮೊದಲೇ ನಮ್ಮನ್ನು ಕಂಡ್ರೆ ಓಡುವವರು. ಉಳಿದ ಮಕ್ಕಳ ಗತಿ ಎಂತ?"

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕಾರ್ಡುಗಳನ್ನು ಜೋಡಿಸುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಹೇಳದೆ ಹೋದರೆ, ಮುಂದಿನ ಸಲವೂ ಆ ಹೆಂಗಸರು ದಾರ ಬಿಗಿಯಾಯಿತೆಂದು ನಗುತ್ತಲೇ ಬರುತ್ತಾರೆ. ನಾನು ಕಂಜಿ ಎಂದರೆ ಅವರು ಹೌದು ಎನ್ನುತ್ತಾರೆ. ಕಾಲು ಒತ್ತುವುದನ್ನು ನಾನೊಬ್ಬಳು ಕಲಿತರೆ ತಿಂಗಳಿಗೆ ಒಂದು ದಿನ ಮಾತ್ರ ಪ್ರಯೋಜನ. ಉಳಿದ ಇಪ್ಪತ್ತೊಂಬತ್ತು ದಿನ ಮಗು ಇರುವುದು ಅವರ ಕೈಯಲ್ಲಿ. ಯಾಕೆ ಒತ್ತಬೇಕು ಎಂದು ಹೇಳಬೇಕಾದರೆ ಆರನೆಯ ಕೋಣೆಯ ಮಾತು ಎತ್ತಲೇಬೇಕು.

ತಕ್ಕಡಿ ಇಲ್ಲದೆ, ಆಯಾಳನ್ನು ಮಾತ್ರ ಕರೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಹೋದೆ. ದಾರಿಯುದ್ದಕ್ಕೂ ಆಯಾ ಗೊಣಗುತ್ತಿದ್ದಳು. "ನೀವು ಸುಮ್ಮನೆ ಇರುದು ಒಳ್ಳೇದಿತ್ತು ನರ್ಸಮ್ಮ. ಕಲ್ಲು ಹೊಡೆದ್ರೆ ನನಗೂ ತಾಗ್ತದೆ." ಆದರೂ ಬಂದಳು.

ತಾಯಿ ಮತ್ತು ಮುದುಕಿ ಇಬ್ಬರೂ ಇದ್ದರು. ಅಕ್ಕಪಕ್ಕದ ಕೋಣೆಯ ಹೆಂಗಸರೂ ಬಂದು ನಿಂತರು. ನಾನು ನೆಲದ ಮೇಲೆ ಕೂತು ಕನ್ನಡದಲ್ಲಿ ಹೇಳಿದೆ. ನನಗೆ ಗೊತ್ತಿದ್ದ ನಾಲ್ಕು ತಮಿಳು ಮಾತುಗಳನ್ನೂ ಸೇರಿಸಿದೆ. ಮಗುವಿನ ಮೈಯಲ್ಲಿ ತುಂಬಿದ್ದು ನೀರು, ನಾನು ಅದನ್ನು ಪುಷ್ಟಿ ಎಂದು ತಿಳಿದೆ, ಡಬ್ಬಿ ನಿಲ್ಲಿಸಿದೆ. ಕಂಜಿ ಎಂದರೆ ಅನ್ನ ಎಂದು ತಿಳಿದೆ, ಪಾತ್ರೆ ನೋಡಲಿಲ್ಲ. ತಪ್ಪು ನನ್ನದು. ಯಾರದೋ ಕಾರ್ಡು ಓದಿದ ಹಾಗೆ ಓದಿದೆ.

ಮುದುಕಿ ಒಲೆಯ ಕಡೆ ನೋಡಿದಳು. "ನೀಂಗ ಕೇಟ್ಟೀಂಗ, ನಾಂಗ ಸೊನ್ನೋಂ" ಎಂದಳು. ನೀವು ಕೇಳಿದಿರಿ, ನಾವು ಹೇಳಿದೆವು ಎಂದು. ಅದರಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ನಡೆದದ್ದು ಅಷ್ಟೇ ಆಗಿತ್ತು.

ತಾಯಿ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಆ ಡಬ್ಬಿ ಯಾರಿಗೆ ಕೊಟ್ರಿ?"

ನಾಲ್ಕನೆಯ ಕೋಣೆಯ ಹೆಂಗಸು ಅಲ್ಲೇ ನಿಂತಿದ್ದಳು, ಸೊಂಟದಲ್ಲಿ ಮಗು. ನಾನು ಆ ಕಡೆ ನೋಡಿದೆ. ತಾಯಿಯೂ ನೋಡಿದಳು. ಗಂಡುಮಗು ತನ್ನ ತಾಯಿಯ ಕರಿಮಣಿ ಎಳೆಯುತ್ತಿತ್ತು.

"ಅವನ ಕಾಲು ಒತ್ತಿ ನೋಡಿ" ಎಂದಳು.

ಹೆಬ್ಬೆರಳು ಒತ್ತಿದೆ. ಮಗು ಕಾಲು ಝಾಡಿಸಿ ಚೀರಿತು. ಕುಳಿ ಇರಲಿಲ್ಲ. ಅವಳು ತಲೆಯಾಡಿಸಿ ಒಳಗೆ ಹೋದಳು. ಆ ಮಧ್ಯಾಹ್ನ ಅಲ್ಲಿದ್ದ ಮಕ್ಕಳೆಲ್ಲರ ಕಾಲು ಒತ್ತಿದೆ. ಇನ್ನಿಬ್ಬರಲ್ಲಿ ಕುಳಿ ಉಳಿಯಿತು. ಒಂದು ಮಗುವಿನ ಕಾರ್ಡಿನಲ್ಲಿ ಚುಕ್ಕೆ ಗೆರೆಯ ಮೇಲೇ ಇತ್ತು. ಇಬ್ಬರನ್ನೂ ಮರುದಿನವೇ ಪುತ್ತೂರಿಗೆ ಒಯ್ದೆವು. ಆಪರೇಷನ್ನಿನ ಮಾತು ಯಾರೂ ಎತ್ತಲಿಲ್ಲ. ಇಬ್ಬರೂ ವಾಪಸು ಬಂದರು.

ತಕ್ಕಡಿಗೆ ಮಕ್ಕಳು ಬರುವುದು ನಿಲ್ಲಲಿಲ್ಲ. ಎರಡು ತಿಂಗಳು ಸ್ವಲ್ಪ ಕಡಿಮೆ ಬಂದರು, ಆಮೇಲೆ ಬಂದರು. ನಾನು ಪ್ರತಿ ಕಾರ್ಡಿನಲ್ಲಿ ಪೆನ್ಸಿಲಿನಿಂದ ಮೂರು ಕಾಲಂ ಎಳೆದೆ. ಮೊದಲನೆಯದು ಬಾವು, ಅದನ್ನು ತೂಗುವ ಮೊದಲು ನೋಡಬೇಕು. ಎರಡನೆಯದು ಪಾತ್ರೆ, ಏನು ಕೊಡುತ್ತೀರಿ ಎಂದು ಕೇಳುವ ಬದಲು ಮುಚ್ಚಳ ತೆಗೆಸಿ ನೋಡಬೇಕು. ಅದಕ್ಕಾಗಿ ಲೈನಿಗೆ ಹೋಗುವ ಹೊತ್ತನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಬದಲಾಯಿಸಿದೆ. ಮೂರನೆಯದನ್ನು ನೋಡಿ ಡಾಕ್ಟರು ಹುಬ್ಬೇರಿಸಿದರು. ಅದರ ತಲೆಯ ಮೇಲೆ 'ಅಳು' ಎಂದು ಬರೆದಿದ್ದೆ. ಆಮೇಲೆ ಸಹಿ ಹಾಕಿದರು. ಹೆಬ್ಬೆರಳಿನ ಉಗುರನ್ನು ಅಂದಿನಿಂದ ನಾನು ಬೆಳೆಯಲು ಬಿಟ್ಟಿಲ್ಲ.

ಆರನೆಯ ಕೋಣೆಯವಳು ಮರುವರ್ಷ ಹೆತ್ತಳು. ಹೆರಿಗೆಗೆ ನನ್ನನ್ನೇ ಕರೆದಳು. ಯಾಕೆ ಎಂದು ನಾನು ಕೇಳಲಿಲ್ಲ. ಹೆಣ್ಣು. ಎಂಟು ತಿಂಗಳಾದಾಗ ಒಂದು ಮಧ್ಯಾಹ್ನ ತೂಕಕ್ಕೆ ತಂದಳು. ನಾನು ಕಾಲಿಗೆ ಕೈ ಚಾಚುವ ಮೊದಲೇ ಅವಳು ಮಗುವಿನ ಪಾದ ಹಿಡಿದು ತನ್ನ ಗೀರು ಬಿದ್ದ ಹೆಬ್ಬೆರಳನ್ನು ಒತ್ತಿದಳು. ತುಟಿಯಲ್ಲೇ ಮೂರು ಎಣಿಸಿದಳು. ತೆಗೆದು ನನಗೆ ತೋರಿಸಿದಳು. ಕಾಲಿಗೆ ದಾರ ಕಟ್ಟಿರಲಿಲ್ಲ. ಮುದುಕಿ ಒಂದು ಪುಟ್ಟ ಪಾತ್ರೆ ತಂದು ಮುಚ್ಚಳ ತೆಗೆದು ಹಿಡಿದಳು. ಅನ್ನ, ಬೇಳೆ, ಕಿವುಚಿದ್ದು. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ.

"ಕಂಜಿ ಅಲ್ಲ" ಎಂದಳು ಮುದುಕಿ, ಕನ್ನಡದಲ್ಲೇ.

ಮಗುವನ್ನು ಚಡ್ಡಿಯೊಳಗೆ ಇಳಿಸಿ ಕೊಕ್ಕೆಗೆ ಸಿಕ್ಕಿಸಿದೆ. ಕೈ ಬಿಟ್ಟದ್ದೇ ತಡ, ಅದು ಮುಖ ಕೆಂಪು ಮಾಡಿ, ಎರಡೂ ಕೈ ಬಿಗಿಹಿಡಿದು ಅರಚಲು ಶುರುಮಾಡಿತು. ಮುಳ್ಳು ಒಂದು ಕಡೆ ನಿಲ್ಲಲಿಲ್ಲ. ತಾಯಿ ಎತ್ತಿಕೊಳ್ಳಲು ಮುಂದೆ ಬಂದಳು. ನನ್ನ ಕಣ್ಣಲ್ಲಿ ನೀರು ತುಂಬಿ ಗೆರೆಗಳು ಕಾಣಿಸುತ್ತಿರಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚೇ ತಡವಾಗಿ ಬಂದಿತ್ತು ನನ್ನ ಅಳು. ನಾನು ಅವಳ ಕೈ ಹಿಡಿದು ತಡೆದೆ.

"ಇರ್ಲಿ" ಎಂದೆ. "ಸ್ವಲ್ಪ ಹೊತ್ತು ಅಳ್ಲಿ."